ಪಂಚಮಿಗೆ ಕೊಟ್ಟ ನಾಲ್ಕು ಟಾಯರು

ನಾನು ನನ್ನ ಅಕ್ಕನಿಗೆ ಪಂಚಮಿ ಹಬ್ಬದ ಉಡುಗೊರೆಯೆಂದು ಕೊಟ್ಟ ನಾಲ್ಕು ಟಾಯರು ಹೊಸವಾಗಿರಲಿಲ್ಲ. ಒಂದು ಮಾರು ದೂರವೂ ಓಡಿರಲಿಲ್ಲ, ಅದು ನಿಜ — ಆದರೆ ಹೊಸವಾಗಿರಲಿಲ್ಲ. ಐದು ವರ್ಷ ನನ್ನ ಅಂಗಡಿಯ ಗೋಡೆಗೆ ನೇತುಬಿದ್ದು ಬಿಸಿಲು ಕಾಯ್ದಿದ್ದವು. ಅದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾನೇ ನೋಡಿಕೊಂಡೆ.

ನನಗೆ ಬರೆದು ರೂಢಿಯಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಂಗಡಿಯಲ್ಲಿ ಗಾಡಿಯ ನಂಬರು, ಟಾಯರಿನ ಅಳತೆ, ಇಷ್ಟು ಬರೆದರೆ ದಿನ ಮುಗಿಯುತ್ತದೆ. ಆದರೂ ಕೂತಿದ್ದೇನೆ. ಅಕ್ಕನ ಮುಂದೆ ಬಾಯಿಬಿಟ್ಟು ಹೇಳಿದ್ದಾಗಿದೆ; ಹೇಳಿದ ಮೇಲೂ ಏನೋ ಒಂದು ಒಳಗೇ ಉಳಿದಿದೆ — ಅದು ಏನೆಂದು ಬರೆಯುತ್ತ ಬರೆಯುತ್ತ ತಿಳಿದೀತೇನೋ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನನ್ನದು ಸಣ್ಣ ಟಾಯರಿನ ಅಂಗಡಿ. ಅಂಗಡಿ ತೆರೆದ ಹೊಸತರಲ್ಲಿ ಒಬ್ಬ ಗಿರಾಕಿ ಬಂದು ತನ್ನ ಜೀಪಿಗೆ ಡಾಂಬರಿಗೂ ಕೆಸರಿಗೂ ನಡೆಯುವ ಆಲ್ ಟೆರೇನ್ ಟಾಯರು ಬೇಕೆಂದ. ತರಿಸಿದೆ. ಅವನು ತಿರುಗಿ ಬರಲಿಲ್ಲ. ಆ ಅಳತೆಯ ಗಾಡಿ ನಮ್ಮ ಪೇಟೆಯಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ದಪ್ಪ ಹಲ್ಲು, ಪಕ್ಕದಲ್ಲಿ ಬಿಳಿ ಅಕ್ಷರ — ನೋಡಲು ಗೂಳಿಯ ಹಾಗಿದ್ದವು. ಗೋಡೆಗೆ ನಾಲ್ಕು ಮೊಳೆ ಬಡಿದು ತೂಗುಹಾಕಿದೆ. ಪ್ರತಿ ವರ್ಷ ಆಯುಧಪೂಜೆಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದೆ. ಪಕ್ಕದ ಬ್ಯಾಟರಿ ಅಂಗಡಿಯ ರಜಾಕ್ ಚಾಚಾ ಅದನ್ನು ನೋಡಿ, "ಬಸಣ್ಣಾ, ಇವು ಟಾಯರಲ್ಲೋ ಮಾರಾಯಾ, ನಿಮ್ಮ ಮನಿ ಹಿರ್‍ಯಾರ ಫೋಟೋ ಆಗ್ಯಾವು. ಒಂದ ಊದಿನಕಡ್ಡಿನೂ ಹಚ್ಚಿಬಿಡು," ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಬಂದವರೆಲ್ಲ ಆ ಗೋಡೆ ನೋಡಿದಾಗ ನನಗೆ ಒಳಗೇ ಚುಚ್ಚುತ್ತಿತ್ತು. ನಾನು ಮೊದಲ ಬಾರಿಗೆ ಸ್ವಂತ ಬುದ್ಧಿಯಿಂದ ತರಿಸಿದ ಮಾಲು ಅದು.

ನನ್ನ ಅಕ್ಕ ನೀಲವ್ವ ಧಾರವಾಡದ ಮಾಳಮಡ್ಡಿಯಲ್ಲಿರುತ್ತಾಳೆ. ಅವಳ ಗಂಡ, ನಮ್ಮ ಮಾಮಾ, ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಸೈಕಲ್ಲಿಗೂ ಹೆದರುವ ಮನುಷ್ಯ. ಅಮ್ಮಿನಬಾವಿಯ ಹತ್ತಿರ ಅವರದು ಕಪ್ಪು ಅಂಟುಮಣ್ಣಿನ ಎರೆ ಹೊಲ. ಅದನ್ನು ತಾನೇ ಮಾಡಿಸುತ್ತೇನೆಂದು ಅಕ್ಕ ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಒಂದು ದಿನ ಯಾರನ್ನೂ ಕೇಳದೆ ನಾಲ್ಕೂ ಗಾಲಿ ಎಳೆಯುವ ಹಳೆಯ ದೊಡ್ಡ ಗಾಡಿಯೊಂದನ್ನು ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿ ಹಾರನ್ ಹೊಡೆದಳು.

"ಬಸ್ಯಾ, ಹೊರಗ ಬಾರಲೇ! ನಿಮ್ಮ ಅಕ್ಕನ ಆನಿ ನೋಡು!"

ಆನೆಯ ಕಾಲು ಸವೆದು ಬೋಳಾಗಿದ್ದವು. ಬಗ್ಗಿ ಅಳತೆ ಓದಿದೆ. ಗೋಡೆಯ ಮೇಲಿನ ಅದೇ ಅಳತೆ!

"ಯಾವ ಟಾಯರ್ ಹಾಕಸ್ಲಿ, ನೀನ ಹೇಳಪಾ," ಅಂದಳು ಅಕ್ಕ. "ನನಗೇನ ತಿಳೀತದ? ನಮ್ಮ ಮನ್ಯಾಗ ಇದರಾಗ ಶಾಣ್ಯಾ ಅಂದ್ರ ನೀ ಒಬ್ಬನ."

ನನ್ನನ್ನು ಶಾಣ್ಯಾ, ಜಾಣ ಎಂದು ಅದುವರೆಗೆ ಯಾರೂ ಅಂದಿರಲಿಲ್ಲ.

ಅವತ್ತು ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಇಂದಿಗೂ ಕಾಡುವುದು. ಬರೀ ಡಾಂಬರು ರಸ್ತೆಯ ಟಾಯರು ಹಾಕಿದರೆ ಎರೆ ಮಣ್ಣು ಅದರ ಗೀರಿನಲ್ಲಿ ಕಲಸಿದ ಹಿಟ್ಟಿನ ಹಾಗೆ ಕೂತುಬಿಡುತ್ತದೆ, ಗಾಲಿ ನಿಂತಲ್ಲೇ ತಿರುಗುತ್ತದೆ ಅಂದೆ. ಕೆಸರಿಗೆಂದೇ ಬರುವ ಭಾರೀ ಹಲ್ಲಿನದು ಹಾಕಿದರೆ ಹೊಲದಲ್ಲಿ ಹುಲಿ, ಆದರೆ ಧಾರವಾಡದಿಂದ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಗುಂಯ್‌ಗುಟ್ಟಿ ಕಿವಿ ಹೋಗುತ್ತದೆ, ಮಳೆಯಲ್ಲಿ ಡಾಂಬರಿನ ಮೇಲೆ ಬ್ರೇಕೂ ಸರಿ ಹಿಡಿಯುವುದಿಲ್ಲ ಅಂದೆ. ನಿನಗೆ ಎರಡೂ ದಾರಿ ಇವೆ, ಎರಡಕ್ಕೂ ಒಗ್ಗುವ ಆಲ್ ಟೆರೇನೇ ಬೇಕು ಅಂದೆ. ನನ್ನ ಜೀವಮಾನದಲ್ಲಿ ಯಾರಿಗೂ ಅಷ್ಟು ಚೆನ್ನಾಗಿ ಆರಿಸಿಕೊಟ್ಟಿಲ್ಲ. ಎಲ್ಲ ಹೇಳಿದೆ. ಒಂದನ್ನು ಬಿಟ್ಟು.

ಟಾಯರಿನ ಒಂದು ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲಿನ ಎರಡು, ಯಾವ ವಾರ ತಯಾರಾಯಿತು. ಕೊನೆಯ ಎರಡು, ಯಾವ ವರ್ಷ. ಓಡಲಿ ಬಿಡಲಿ, ರಬ್ಬರಿಗೆ ವಯಸ್ಸಾಗುತ್ತದೆ. ಒಳಗಿನಿಂದ ಗಟ್ಟಿಯಾಗಿ ಬಿರಿಯುತ್ತದೆ. ನನ್ನ ಆ ನಾಲ್ಕು ಟಾಯರಲ್ಲಿ ಅಂಕಿ ಇದ್ದದ್ದು ಬಿಳಿ ಅಕ್ಷರವಿಲ್ಲದ ಪಕ್ಕಕ್ಕೆ. ಬಿಳಿ ಅಕ್ಷರವನ್ನು ಎಲ್ಲರೂ ಹೊರಗೇ ಹಾಕಿಸುತ್ತಾರೆ, ಅಂದಕ್ಕೆ. ಅಂಕಿ ತಾನಾಗಿಯೇ ಒಳಗೆ ಹೋಗುತ್ತದೆ. ನಮ್ಮ ಕಡೆ ಜನ ಅಂಕಿ ನೋಡುವುದೂ ಇಲ್ಲ — ಟಾಯರಿನ ಮೈಮೇಲೆ ಸಣ್ಣ ರಬ್ಬರಿನ ಕೂದಲು ಇರುತ್ತವಲ್ಲ, ಅವು ಇದ್ದರೆ ಹೊಸದು, ಇಲ್ಲವಾದರೆ ಹಳೆಯದು. ಇಷ್ಟೇ ಲೆಕ್ಕ.

"ಹೊಸಾವ ಅದಾವಲ್ಲೋ?" ಎಂದು ಅಕ್ಕ ಕೇಳಿದಳು.

ನಾನು ಅವಳ ಕೈ ಹಿಡಿದು ಟಾಯರಿನ ಮೇಲೆ ಇಟ್ಟೆ. "ಕೂದಲ ಸೈತ ಉದುರಿಲ್ಲ ನೋಡಬೇ," ಅಂದೆ.

ಅಷ್ಟೇ. ಆ ಒಂದು ಮಾತು.

ಅದು ಪಂಚಮಿಯ ವಾರ. ತವರಿನಿಂದ ಏನಾದರೂ ಕೊಡಬೇಕಿತ್ತು. ಕೊಟ್ಟಂತೆಯೂ ಆಯಿತು, ಗೋಡೆ ಖಾಲಿಯಾದಂತೆಯೂ ಆಯಿತು — ಹೀಗೆ ಯೋಚಿಸಿದವನು ನಾನೇ. ಅಕ್ಕನಂತೂ ಓಣಿಯ ತುಂಬ ಹೇಳಿಕೊಂಡು ಬಂದಳು: "ಎಲ್ಲಾರ ತಮ್ಮಂದಿರು ಅಕ್ಕಗ ಸೀರಿ ಕೊಡ್ತಾರ. ನನ್ನ ತಮ್ಮ ನನ್ನ ಆನಿಗೆ ಬೂಟು ಹಾಕ್ಯಾನ!" ರಜಾಕ್ ಚಾಚಾ ಖಾಲಿ ಗೋಡೆ ನೋಡಿ, "ಹಿರ್‍ಯಾರು ಎಲ್ಲಿಗೆ ಹೋದ್ರೋ?" ಎಂದು ಕೇಳಿದರು. "ಅಕ್ಕನ ಮನಿಗೆ," ಅಂದೆ. ಖಾಲಿ ಮೊಳೆಗಳ ಧೂಳು ಒರೆಸತೊಡಗಿದೆ.

ಹೆದರಿಕೆ ಮರುದಿನವೇ ಶುರುವಾಯಿತು. ಗಾಳಿ ಕಡಿಮೆಯಾದರೆ, ಬಿಸಿಲಿಗೆ ಕಾಯ್ದರೆ, ಜೋರಾಗಿ ಓಡಿಸಿದರೆ... ಅಕ್ಕನಿಗೆ ಫೋನು ಮಾಡಿದೆ: "ಟಾಯರ್ ಮೈ ಬಿಡುತನಾ ಐವತ್ತರ ಮ್ಯಾಲ ಓಡಸಬ್ಯಾಡ ಬೇ." ಟಾಯರು ಓಡಿ ಓಡಿ ಸಡಿಲಾಗಿ ಮೈ ಬಿಡುವುದು ಎಂಬುದೇನೂ ಇಲ್ಲ. ಆ ಕ್ಷಣಕ್ಕೆ ನಾನು ಹುಟ್ಟಿಸಿದ ಮಾತು. ಅಕ್ಕ ಅದನ್ನು ವ್ರತದ ಹಾಗೆ ಹಿಡಿದಳು; ಐವತ್ತು ಅಂದರೆ ಮೂವತ್ತೂ ದಾಟಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಅವಳನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಮೊಪೆಡ್ಡಿನ ಮೇಲೆ ಹಾಲು ಒಯ್ಯುವವನು ತಿರುಗಿ ನೋಡಿ ನಕ್ಕು ಹೋಗುತ್ತಿದ್ದ. "ನಗಲಿ ತಗೋ, ನನ್ನ ತಮ್ಮ ಹೇಳ್ಯಾನ," ಎನ್ನುತ್ತಿದ್ದಳು. ತಿಂಗಳಿಗೊಮ್ಮೆ, "ಇನ್ನೂ ಮೈ ಬಿಟ್ಟಿಲ್ಲೇನೋ?" ಎಂದು ಕೇಳುವಳು. "ಇನ್ನಾ ಇಲ್ಲ," ಎನ್ನುವೆ. ಹೀಗೆ ಎರಡು ವರ್ಷ. ಇದರಲ್ಲಿ ಸುಖಪಟ್ಟವರು ಮಾಮಾ ಒಬ್ಬರೇ. "ನಿಮ್ಮ ತಮ್ಮ ದೇವರಂಥ ಮನಶ್ಯಾ," ಎಂದು ಎರಡೂ ಕೈಯಲ್ಲಿ ಮುಂದಿನ ಹಿಡಿಕೆ ಹಿಡಿದುಕೊಂಡೇ ಅನ್ನುತ್ತಿದ್ದರಂತೆ.

ಫೋನಿನಿಂದ ನೆಮ್ಮದಿ ಸಿಗಲಿಲ್ಲ. ಪ್ರತಿ ರವಿವಾರ ಗಾಳಿ ನೋಡುವ ಗೇಜು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಧಾರವಾಡಕ್ಕೆ ಹೋಗತೊಡಗಿದೆ. ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಲ್ಲಿನ ಬುಡಗಳಲ್ಲಿ ಉಗುರಾಡಿಸಿ ಬಿರುಕು ಹುಡುಕುತ್ತಿದ್ದೆ. ಸಿಗದಿದ್ದರೆ ಒಂದು ವಾರದ ಉಸಿರು ಸಿಕ್ಕಂತೆ.

ಈಗ ಹೇಳುವುದು ನನಗೂ ವಿಚಿತ್ರ ಅನ್ನಿಸುತ್ತದೆ — ಆ ರವಿವಾರಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಅಕ್ಕನ ಮದುವೆಯಾದ ಮೇಲೆ ಇಪ್ಪತ್ತೆರಡು ವರ್ಷ ನಾವು ಹಬ್ಬಕ್ಕೆ, ಸಾವಿಗೆ ಭೇಟಿಯಾದವರು. ಈಗ ವಾರಕ್ಕೊಮ್ಮೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಹಿತ್ತಲಿನ ಕಟ್ಟೆಯ ಮೇಲೆ ಗಿರಮಿಟ್ಟು. ಸಣ್ಣವರಿದ್ದಾಗ ನಾನು ಗೋಲಿ ನುಂಗಿದ್ದನ್ನು ಅಕ್ಕ ಅಭಿನಯಿಸಿ ತೋರಿಸಿದರೆ ಮಾಮಾ ನಕ್ಕು ಕೆಮ್ಮುತ್ತಿದ್ದರು. ಅಕ್ಕನಿಗೆ ಹಾಡಲು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ. ಓಣಿಯ ಹೆಂಗಸರು ನನ್ನನ್ನು ನೋಡಿದರೆ, "ಬಂದಾ ನೋಡ್ರಿ, ನೀಲಕ್ಕನ ಗಾಳಿ ದೇವ್ರು!" ಎನ್ನುತ್ತಿದ್ದರು. ಅಕ್ಕ ಹಿಗ್ಗುತ್ತಿದ್ದಳು. "ಅಕ್ಕನ ಮ್ಯಾಲ ಇಷ್ಟ ಜೀವ ಇರೋ ತಮ್ಮನ್ನ ಎಲ್ಲಿ ನೋಡೀರಿ?"

ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ.

ಈ ಸಲದ ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೊರಟೆವು. ಬೆಳೆದು ನಿಂತ ಪೈರಿಗೆ, ಭೂಮಿತಾಯಿಗೆ ಮೊದಲು ಎಡೆ ಚೆಲ್ಲಿ, ಆಮೇಲೆ ಹೊಲದಲ್ಲೇ ಕೂತು ಊಟ. ಅಕ್ಕ, ಮಾಮಾ, ನಾನು, ಹಿಂದೆ ಓಣಿಯ ನಾಲ್ಕು ಜನ ಹೆಂಗಸರು, ಅವರ ತೊಡೆಯ ಮೇಲೆ ಬುತ್ತಿಯ ಗಂಟು. ಹಿಂದಿನ ದಿನ ಮಳೆಯಾಗಿತ್ತು. ಎರೆ ದಾರಿ ಬೆಣ್ಣೆಯಾಗಿತ್ತು. ದಾರಿಯ ನಡುವೆ ಯಾರದೋ ಹೊಚ್ಚ ಹೊಸ ಗಾಡಿ ಡಾಂಬರಿನ ಟಾಯರಲ್ಲಿ ಬಂದು ಹೊಟ್ಟೆಯವರೆಗೆ ಹೂತಿತ್ತು. ಅಕ್ಕ ನಾಲ್ಕೂ ಗಾಲಿ ಎಳೆಯುವ ಗೇರು ಹಾಕಿ ಪಕ್ಕದಿಂದ ಹತ್ತಿಸಿದಳು. ಟಾಯರು ಮಣ್ಣನ್ನು ಕಚ್ಚಿ, ಉಗುಳಿ, ಮತ್ತೆ ಕಚ್ಚಿ — ಹೋದದ್ದೇ! ತಿರುಗಿ ಬಂದು ಹಗ್ಗ ಕಟ್ಟಿ ಆ ಗಾಡಿಯನ್ನೂ ಎಳೆದು ಹಾಕಿದಳು. ಹೆಂಗಸರು ಕಿಟಕಿಯಿಂದ ಸೆರಗು ಬೀಸಿ ಕೂಗಿದರು. ಮಾಮಾ ಮೊದಲ ಬಾರಿಗೆ ಹಿಡಿಕೆ ಬಿಟ್ಟು ಚಪ್ಪಾಳೆ ತಟ್ಟಿದರು. ನಾನು ಆರಿಸಿದ ಟಾಯರು! ಒಂದು ಗಳಿಗೆ ನಾನು ಎಲ್ಲವನ್ನೂ ಮರೆತು ಕುಣಿದೆ.

ಊಟಕ್ಕೆ ಕೂತಾಗ ಅಕ್ಕ ಶೇಂಗಾ ಹೋಳಿಗೆ ಹಂಚುತ್ತ ಹೇಳಿದಳು: "ಮುಂದಿನ ವಾರ ಕಾರವಾರಕ್ಕ ಹೋಗೂಣು. ನಾವಿಷ್ಟ ಹೆಣಮಕ್ಕಳು, ಸಂಗಾಟ ಇವರು. ನಾ ಇನ್ನೂ ಸಮುದ್ರ ನೋಡಿಲ್ಲ. ಅರಬೈಲ್ ಘಟ್ಟ ಇಳದ್ರ ಸಾಕಂತ."

"ಘಟ್ಟಾ?" ಅಂದರು ಮಾಮಾ.

"ಯಾಕ ಅಂಜತೀರಿ? ನನ್ನ ತಮ್ಮ ಹಾಕಿದ ಟಾಯರ್ ಅದಾವು."

ಹೋಳಿಗೆ ಕೈಯಲ್ಲೇ ಉಳಿಯಿತು. ಎದ್ದು ಗಾಡಿಯ ಹತ್ತಿರ ಹೋದೆ. ಕಡ್ಡಿಯಿಂದ ಹಲ್ಲುಗಳ ನಡುವಿನ ಮಣ್ಣು ಕೆದರಿದೆ. ಹಿಂದಿನ ಎಡಗಾಲಿ. ಹಲ್ಲಿನ ಬುಡದಲ್ಲಿ ನನ್ನ ಹೆಬ್ಬೆರಳಿನ ಉಗುರು ಒಳಗೆ ಹೋಯಿತು — ಎರಡು ವರ್ಷ ಹುಡುಕುತ್ತಿದ್ದದ್ದು ಅಲ್ಲಿತ್ತು.

ಸುಮ್ಮನೆ ಬೇರೆ ಟಾಯರು ಹಾಕಿಕೊಡಬಹುದಿತ್ತು. ಏನೋ ಒಂದು ನೆಪ ಹೇಳಬಹುದಿತ್ತು. ಬಾಯಿಗೆ ಬಂದೂ ಬಂದಿತ್ತು. ಆದರೆ ಅಕ್ಕ ಆ ನೆಪವನ್ನೂ ನಂಬುತ್ತಾಳೆ, ನಂಬಿ ಮತ್ತೆ ಓಣಿಯ ತುಂಬ ಹೇಳುತ್ತಾಳೆ — ಅದನ್ನು ತಡೆದುಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಅಕ್ಕನನ್ನು ಕರೆದೆ. ಗಾಡಿಯ ಕೆಳಗೆ ಕೌದಿ ಹಾಸಿ, ಇಬ್ಬರೂ ಅಂಗಾತ ಮಲಗಿದೆವು. ಒದ್ದೆ ಅರಿವೆಯಿಂದ ಒಳಗಿನ ಪಕ್ಕ ಒರೆಸಿ ಮೊಬೈಲಿನ ಬೆಳಕು ಹಿಡಿದೆ. ಅಕ್ಕ ಓದಿದಳು.

"ಏನಲೇ ಇದು, ಲಾಟರಿ ನಂಬರಾ?"

ಹೇಳಿದೆ. ವಾರ, ವರ್ಷ, ಗೋಡೆ, ಮಾಲೆ, ಕೂದಲು, ಐವತ್ತರ ಮಾತು. ಎಲ್ಲ. ಅವಳು ಬೆರಳು ಮಡಚಿ ಎಣಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಮೈ ಬಿಡುವ ಮಾತಿಗೆ ಬಂದಾಗ ಅವಳಿಗೆ ಒಂದು ಕ್ಷಣ ನಗು ಬಂದಿತು — ಹಾಲಿನವನು ನೆನಪಾಗಿರಬೇಕು. ಆಮೇಲೆ ನಗು ನಿಂತಿತು. ಗಾಡಿಯ ಹೊಟ್ಟೆಯನ್ನೇ ನೋಡುತ್ತ ಕೇಳಿದಳು:

"ಹಂಗಾದ್ರ ಪ್ರತಿ ರವಿವಾರ ನೀ ಬಂದದ್ದು... ನನ್ನ ನೋಡಾಕಲ್ಲ?"

ಹೌದು ಅಂದರೂ ಪೂರ್ತಿ ನಿಜವಲ್ಲ, ಇಲ್ಲ ಅಂದರೂ ಪೂರ್ತಿ ನಿಜವಲ್ಲ. ಕೌದಿಯ ದಾರ ಕೀಳುತ್ತ ಮಲಗಿದ್ದೆ.

ಅವತ್ತು ಮನೆಯವರೆಗೆ ಅವಳು ಇಪ್ಪತ್ತರಲ್ಲಿ ಓಡಿಸಿದಳು.

ನಾಲ್ಕನೇ ದಿನ ಅಂಗಡಿಯ ಮುಂದೆ ಹಾರನ್ ಕೇಳಿತು. ಅಕ್ಕ, ಹಿಂದೆ ಅದೇ ನಾಲ್ಕು ಹೆಂಗಸರು. ಅವಳಿಗೆಂದು ನಾನು ತರಿಸಿ ಇಟ್ಟಿದ್ದ ಟಾಯರುಗಳ ಮೇಲೆ ಐವರೂ ಮೊಬೈಲು ಹಿಡಿದು ಬಗ್ಗಿ, ಜಾತಕ ನೋಡುವವರ ಹಾಗೆ ಅಂಕಿ ಓದಿದರು. "ಇದು ಹೋದ ತಿಂಗಳದ್ದು, ಕೂಸು!" ಎಂದು ಒಬ್ಬಳು ಕೂಗಿದಳು. ರಜಾಕ್ ಚಾಚಾ ನಗು ತಡೆಯಲಾರದೆ ಒಳಗೆ ಹೋದರು. ಅಕ್ಕ ಅದೇ ಹಲ್ಲಿನ ಆಲ್ ಟೆರೇನನ್ನೇ ಆರಿಸಿದಳು. ನಾನು ಕೊಡುತ್ತೇನೆ ಅಂದೆ.

"ಪಂಚಮಿ ಮುಗದೈತಿ," ಅಂದಳು. "ಇವನ್ನ ನಾ ಕೊಳ್ಳತೇನಿ. ಮತ್ತ ಕೇಳ ಇಲ್ಲೆ, ನಂಬರ್ ಹೊರಗ ಬರಬೇಕು. ಬಿಳಿ ಅಕ್ಷರ ಒಳಗ ಇರ್ಲಿ."

ಹಾಗೇ ಹಾಕಿದೆ. ಈಗ ಧಾರವಾಡದಲ್ಲಿ ಅಂದವನ್ನು ಒಳಗಿಟ್ಟು ವಯಸ್ಸನ್ನು ಹೊರಗೆ ತೋರಿಸಿಕೊಂಡು ಓಡಾಡುವ ಗಾಡಿ ಅದೊಂದೇ ಇರಬೇಕು. ಹಳೆಯ ನಾಲ್ಕನ್ನು ಮತ್ತೆ ಯಾರೂ ಹಾಕಿಕೊಳ್ಳದಂತೆ ನಾನೇ ಕೊಯ್ದು ಹಾಕಿದೆ.

ಮುಂದಿನ ವಾರ ಕಾರವಾರದಿಂದ ಮೊಬೈಲಿಗೆ ಅಕ್ಕ ರೆಕಾರ್ಡು ಮಾಡಿ ಕಳಿಸಿದ ದನಿ ಬಂತು. ಮೊದಲು ಬರೀ ಅಲೆಯ ಸದ್ದು, ಹೆಂಗಸರ ಕಿರುಚಾಟ, ಮಾಮಾ "ದೂರ ನಿಲ್ಲ್ರಿ, ದೂರ ನಿಲ್ಲ್ರಿ" ಎನ್ನುವುದು. ಆಮೇಲೆ ಅಕ್ಕ: "ಬಸ್ಯಾ, ಕೇಳಲೇ ಸಮುದ್ರ! ಎಂಬತ್ತರಾಗ ಬಂದೇವಿ! ಮೈ ಬಿಟ್ಟಾವೋ, ಮೈ ಬಿಟ್ಟಾವು!" ಅಂಗಡಿಯಲ್ಲಿ ನಿಂತು ನಾಲ್ಕು ಸಲ ಕೇಳಿದೆ. ಕಣ್ಣು ಒರೆಸಿಕೊಂಡದ್ದನ್ನು ಚಾಚಾ ನೋಡಿಯೂ ನೋಡದ ಹಾಗೆ ಇದ್ದರು. ಕೊನೆಯಲ್ಲಿ, ಅಲೆಯ ಸದ್ದಿನ ನಡುವೆ, ಇನ್ನೊಂದು ಮಾತಿತ್ತು: "ರವಿವಾರ ಬರೂದಿದ್ರ ಬಾ. ಆ ಗಾಳಿ ನೋಡು ಗೇಜು ತರಬ್ಯಾಡ."

ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ. ನಾನೂ ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ. ಅವಳನ್ನೂ ಮಾಮಾನನ್ನೂ ಎರಡು ವರ್ಷ ನಾನು ಯಾವುದರ ಮೇಲೆ ಕೂರಿಸಿ ಓಡಾಡಲು ಬಿಟ್ಟಿದ್ದೆ ಎಂಬುದು ನನಗೆ ಗೊತ್ತು.

ನಾಳೆ ರವಿವಾರ. ಟಾಯರು ತೂಗುತ್ತಿದ್ದ ಗೋಡೆಯ ಒಂದು ಮೊಳೆಗೆ ಗೇಜು ತೂಗುಹಾಕಿದ್ದೇನೆ. ಗಾಡಿಯ ಪಕ್ಕ ಕೂರದೆ, ಉಗುರಾಡಿಸದೆ, ನೇರವಾಗಿ ಅಕ್ಕನ ಬಾಗಿಲಿಗೆ ಹೋಗಿ ನಿಲ್ಲುವುದು ಹೇಗೋ ನನಗೆ ತಿಳಿಯದು. ಬರಿಗೈಯಲ್ಲಿ ಹೋಗುತ್ತೇನೆ. ಅವಳು ಕೌದಿಯ ಮೇಲೆ ಮಲಗಿ ಕೇಳಿದ್ದಕ್ಕೆ ಉತ್ತರ ಹಾಗೆ ಹೋಗಿ ಹೋಗಿಯೇ ಕೊಡಬೇಕು.