ಟ್ಯಾಂಕಿನೊಳಗಿನ ತಂತಿ

ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕೆಲಸ ಕಳೆದುಕೊಂಡದ್ದು ನನ್ನಿಂದ. ಇದನ್ನು ಹೀಗೆ ನೇರವಾಗಿ ಹೇಳಲು ನನಗೆ ಬಹಳ ದಿನ ಬೇಕಾಯಿತು.

ವಿಕ್ರೋಳಿಯ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಆದರೆ ಮನೆಯ ಬಾಲ್ಕನಿಯಲ್ಲಿ ಒಂದು ಮೇಜು, ಬೆಸುಗೆ ಕಡ್ಡಿ, ಮೀಟರು, ಬಿಸ್ಕತ್ತಿನ ಡಬ್ಬಿಗಳಲ್ಲಿ ರೆಸಿಸ್ಟರು, ಟ್ರಾನ್ಸಿಸ್ಟರು ಇಟ್ಟುಕೊಂಡಿದ್ದೆ. ಕೆಟ್ಟ ರೇಡಿಯೋ ಬಿಚ್ಚಿ ಮಾತಾಡಿಸುವುದು, ಬಾಗಿಲ ಗಂಟೆಗೆ ಹೊಸ ದನಿ ಕೊಡುವುದು, ಭಾನುವಾರಗಳು ಹೀಗೇ ಕಳೆಯುತ್ತಿದ್ದವು. ಏಳು ಮಾಳಿಗೆಯ ನಮ್ಮ ಬಿಲ್ಡಿಂಗಿನಲ್ಲಿ ನನಗೆ ಎಂಜಿನಿಯರ್ ಎಂಬ ಹೆಸರು ಬಿದ್ದಿತ್ತು. ಯಾರಾದರೂ ಹಾಗೆ ಕರೆದರೆ ನಾನು ತಿದ್ದುತ್ತಿರಲಿಲ್ಲ.

ಟೆರೇಸಿನ ಟ್ಯಾಂಕಿಗೆ ನೀರೇರಿಸುವ ಪಂಪು ತನ್ನಷ್ಟಕ್ಕೇ ನಡೆಯುವಂತೆ ಮಾಡಿಕೊಡುತ್ತೇನೆಂದು ಸೊಸೈಟಿಯ ಸೆಕ್ರೆಟರಿಗೆ ನಾನೇ ಹೇಳಿದೆ. ಟ್ಯಾಂಕಿನೊಳಗೆ ಮೂರು ತಾಮ್ರದ ತಂತಿ ಇಳಿಬಿಟ್ಟೆ. ಒಂದು ತಳದವರೆಗೆ, ಒಂದು ಅರ್ಧಕ್ಕಿಂತ ಕೆಳಗೆ, ಇನ್ನೊಂದು ಬಾಯಿಯ ಹತ್ತಿರ. ನೀರು ಮೇಲಿನ ತಂತಿಯನ್ನು ಮುಟ್ಟಿದರೆ ತಳದ ತಂತಿಯಿಂದ ನೀರಿನ ಮೂಲಕ ಚೂರು ವಿದ್ಯುತ್ತು ಹರಿಯುತ್ತದೆ, ಪಂಪಿನ ಸ್ವಿಚ್ಚನ್ನು ಹಿಡಿದಿಡುವ ರಿಲೇ ಟಕ್ಕೆಂದು ಬಿಡುತ್ತದೆ, ಪಂಪು ನಿಲ್ಲುತ್ತದೆ. ನಡುವಿನ ತಂತಿಯೂ ಒಣಗಿದರೆ ಪಂಪು ಮತ್ತೆ ಶುರು. ಆರು ತಿಂಗಳು ಗಡಿಯಾರದ ಹಾಗೆ ನಡೆಯಿತು.

ಗೇಟಿನಲ್ಲಿ ಕೂರುತ್ತಿದ್ದವರು ವಿಜಯಪುರದ ಕಡೆಯ ಸಾಬರು. ವಯಸ್ಸು ಐವತ್ತೈದು ದಾಟಿರಬೇಕು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಬಿಲ್ಡಿಂಗಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮ ಮನೆಯವರಿಗೆ ಮತ್ತು ಅವರಿಗೆ ಮಾತ್ರ. ಆಫೀಸಿನಿಂದ ಬರುವಾಗ ಎರಡು ನಿಮಿಷ ನಿಂತು ಮಾತಾಡುವುದು ರೂಢಿಯಾಗಿತ್ತು. ನನ್ನ ಉಡುಪಿ ಕನ್ನಡ ಕೇಳಿ ಅವರು ನಗುತ್ತಿದ್ದರು. "ನಿಮ್ಮ ಮಾತು ಪುಸ್ತಕದಾಗಿಂದ ಓದಿಧಂಗ ಇರ್ತದ ನೋಡ್ರಿ ಸಾಹೇಬ್ರ," ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ನಾನು ಹೆಂಡತಿಯೊಡನೆ ಮಾಟುಂಗಕ್ಕೆ ಹೋಗಿದ್ದೆ. ಮರಳಿ ಬರುವಾಗ ಬಿಲ್ಡಿಂಗಿನ ಕೆಳಗೆ ಜನ ಸೇರಿದ್ದರು. ಟ್ಯಾಂಕು ತುಂಬಿ ಗಂಟೆಗಟ್ಟಲೆ ಹೊರಚೆಲ್ಲಿ, ನೀರು ಟೆರೇಸಿನಿಂದ ಲಿಫ್ಟಿನ ಮೋಟರು ಕೋಣೆಗೆ ನುಗ್ಗಿತ್ತು. ಲಿಫ್ಟು ನಿಂತಿತ್ತು. ಮೆಟ್ಟಿಲ ಮೇಲೆ ನೀರು ಇಳಿಯುವುದನ್ನು ಕಂಡು ಚಾಚಾ ಓಡಿಹೋಗಿ ಮೇನ್ ಸ್ವಿಚ್ಚು ಆರಿಸಿದ್ದರಂತೆ. ಪಂಪಿಗೆ ಕೈಯಿಂದ ಹಾಕುವ ಸ್ವಿಚ್ಚೂ ಒಂದಿತ್ತು, ಅದು ಅವರ ಕ್ಯಾಬಿನ್ನಿನ ಪಕ್ಕದಲ್ಲೇ. ಆ ಸ್ವಿಚ್ಚು ಹಾಕಿ ನಿದ್ದೆ ಹೋಗಿದ್ದಾನೆ ಎಂದು ಯಾರೋ ಅಂದರು. ಐದು ನಿಮಿಷದಲ್ಲಿ ಎಲ್ಲರೂ ಹಾಗೇ ಅನ್ನತೊಡಗಿದರು.

"ನಾ ಸ್ವಿಚ್ಚಿಗೆ ಕೈ ಹಚ್ಚಿಲ್ರಿ ಸಾಹೇಬ್ರ," ಎಂದು ಚಾಚಾ ನನಗೆ ಕನ್ನಡದಲ್ಲಿ ಹೇಳಿದರು. ಅಲ್ಲಿದ್ದವರಲ್ಲಿ ಆ ಮಾತು ಅರ್ಥವಾದದ್ದು ನನಗೆ ಮತ್ತು ನನ್ನ ಹೆಂಡತಿಗೆ ಮಾತ್ರ.

ಮರುದಿನ ಬೆಳಿಗ್ಗೆ ಆರನೇ ಮಾಳಿಗೆಯ ಅಜ್ಜಿ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಲಿಫ್ಟಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದವರಲ್ಲಿ ಕುರ್ಚಿಯ ಮುಂದಿನ ಎರಡು ಕಾಲು ಹಿಡಿದಿದ್ದವರು ಚಾಚಾ. ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತ, ಒಂದೊಂದು ಮಾಳಿಗೆಗೂ ನಿಂತು ಉಸಿರೆಳೆದುಕೊಂಡು ಹೋದರು. ನಾನು ಆಫೀಸಿನ ಚೀಲ ಹಿಡಿದುಕೊಂಡು ಅವರ ಹಿಂದೆ ಇಳಿದೆ.

ಆ ಸಂಜೆ ಸೊಸೈಟಿಯ ಮೀಟಿಂಗು. ಸೆಕ್ರೆಟರಿ ಹಿಂದಿಯಲ್ಲಿ ನನ್ನನ್ನು ಕೇಳಿದರು. "ನಿಮ್ಮ ಸರ್ಕಿಟ್ಟು ಕೆಟ್ಟಿರಬಹುದಾ?"

ಮೀಟಿಂಗಿಗೆ ಮುಂಚೆ ಟೆರೇಸಿನಿಂದ ಸರ್ಕಿಟ್ಟಿನ ಬೋರ್ಡನ್ನು ಬಿಚ್ಚಿ ಮನೆಗೆ ತಂದು ನೋಡಿದ್ದೆ. ಒಂದು ಲೋಟ ನೀರಿಗೆ ಮೂರು ಹೊಸ ತಂತಿ ಅದ್ದಿದೆ. ಪ್ರತಿ ಸಲವೂ ರಿಲೇ ಸರಿಯಾಗಿಯೇ ಟಕ್ಕೆಂದಿತು. ಹತ್ತು ಸಲ ನೋಡಿದೆ. ಮುಚ್ಚಳ ತೆಗೆದು ಟ್ಯಾಂಕಿನೊಳಗಿನ ತಂತಿಗಳನ್ನು ಮಾತ್ರ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂಬುದಕ್ಕೆ ಹೊತ್ತು ಸಾಲಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

"ಇಲ್ಲ, ಸರ್ಕಿಟ್ಟು ಸರಿಯಾಗಿದೆ. ಟೆಸ್ಟ್ ಮಾಡಿದ್ದೇನೆ," ಎಂದೆ.

ಬೇರೇನೂ ಹೇಳಲಿಲ್ಲ. ವಾಚ್‌ಮನ್ನನದೇ ತಪ್ಪು ಎಂದು ನನ್ನ ಬಾಯಿಂದ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಸೆಕ್ರೆಟರಿ ರಿಜಿಸ್ಟರಿನಲ್ಲಿ ವಾಚ್‌ಮನ್ನನ ಬೇಜವಾಬ್ದಾರಿ ಎಂದು ಬರೆದರು. ಎರಡು ದಿನದಲ್ಲಿ ಸೆಕ್ಯುರಿಟಿ ಏಜೆನ್ಸಿಯವರು ಚಾಚಾನನ್ನು ತೆಗೆದು ಬೇರೆಯವನನ್ನು ಕಳಿಸಿದರು. ಅವರು ಹೋಗುವಾಗ ನಾನು ಆಫೀಸಿನಲ್ಲಿದ್ದೆ.

ಆ ವಾರದ ಶನಿವಾರ ಬೋರ್ಡನ್ನು ಮತ್ತೆ ಕೂರಿಸಲು ಟೆರೇಸಿಗೆ ಹೋದೆ. ಜೋಡಿಸಿ ನೋಡಿದರೆ, ಟ್ಯಾಂಕು ತುಂಬಿದ್ದರೂ ಪಂಪು ನಿಲ್ಲಲೊಲ್ಲದು. ಮೀಟರು ಹಿಡಿದೆ, ಮುಳ್ಳು ಅಲುಗಲಿಲ್ಲ. ಮುಚ್ಚಳ ತೆಗೆದು ತಳದ ತಂತಿಯನ್ನು ಮೇಲಕ್ಕೆಳೆದೆ. ತುದಿಯಲ್ಲಿ ತಾಮ್ರವೇ ಇರಲಿಲ್ಲ. ಹಸಿರು ಬಿಳಿ ಕಿಟ್ಟ ಮೆತ್ತಿಕೊಂಡ ಒಂದು ಮೋಟು, ಪ್ಲಾಸ್ಟಿಕ್ ಕವಚದೊಳಗೆ ಹುದುಗಿತ್ತು. ನೀರಿನಲ್ಲಿರುವ ತಂತಿಗೆ ಒಂದೇ ದಿಕ್ಕಿನಲ್ಲಿ ವಿದ್ಯುತ್ತು ಹರಿಯುತ್ತಿದ್ದರೆ ಲೋಹ ಕರಗಿ ಹೋಗುತ್ತದೆ. ಹೈಸ್ಕೂಲಿನ ಪಾಠ. ನಾನು ಬ್ಯಾಟರಿಯ ಹಾಗೆ ನೇರ ವಿದ್ಯುತ್ತನ್ನೇ ಆರು ತಿಂಗಳು ಹಗಲೂ ರಾತ್ರಿ ಹರಿಸಿದ್ದೆ. ತಂತಿ ಸವೆದು, ಟ್ಯಾಂಕು ಖಾಲಿ ಎಂದೇ ಸರ್ಕಿಟ್ಟು ತಿಳಿದು, ಪಂಪನ್ನು ಓಡಿಸುತ್ತಲೇ ಇತ್ತು.

ತಂತಿ ಕೈಯಲ್ಲಿ ಹಿಡಿದು ನಿಂತಾಗ ಇನ್ನೊಂದು ನೆನಪಾಯಿತು. ಆ ಭಾನುವಾರಕ್ಕೆ ಹದಿನೈದು ದಿನ ಮುಂಚೆ, ಟ್ಯಾಂಕು ತೊಳೆದ ದಿನ, ಚಾಚಾ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ್ದರು. "ಸಾಹೇಬ್ರ, ಮ್ಯಾಲಿನ ಟ್ಯಾಂಕಿನಾಗ ನಿಮ್ಮ ತಂತಿ ಹಸರ ಆಗ್ಯಾವ್ರಿ. ಕೆರದು ಸ್ವಚ್ಛ ಮಾಡ್ಲೇನು?"

ನಾನು ಫೋನು ನೋಡುತ್ತಲೇ, "ಅದನ್ನು ಮುಟ್ಟಬೇಡಿ. ನಿಮಗೆ ಗೊತ್ತಾಗುವುದಿಲ್ಲ," ಎಂದಿದ್ದೆ.

ಮೀಟಿಂಗಿನಲ್ಲಿ ಬಾಯಿ ತೆರೆಯುವಾಗ ಈ ಮಾತು ನಿಜಕ್ಕೂ ಮರೆತಿತ್ತೋ ಇಲ್ಲವೋ, ಈಗಲೂ ಆಣೆ ಮಾಡಿ ಹೇಳಲಾರೆ.

ಆ ದಿನವೇ ಸೆಕ್ರೆಟರಿಯ ಮನೆಗೆ ಹೋಗಬೇಕಿತ್ತು. ಮೂರನೇ ಮಾಳಿಗೆಯವರೆಗೆ ಇಳಿದೆ ಕೂಡ. ಅವರ ಬಾಗಿಲ ಮುಂದಿದ್ದ ಚಪ್ಪಲಿಗಳನ್ನು ನೋಡಿ, ನೆಂಟರು ಬಂದಿರಬೇಕು, ಆಮೇಲೆ ಹೇಳಿದರಾಯಿತು ಎಂದುಕೊಂಡು ಮನೆಗೆ ಬಂದೆ. ಸರ್ಕಿಟ್ಟನ್ನು ಹೊಸದಾಗಿ ಮಾಡಿದೆ. ತಾಮ್ರದ ಬದಲು ಸ್ಟೀಲಿನ ಸರಳು, ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು, ಟ್ಯಾಂಕಿನ ಬಾಯಿಯಲ್ಲಿ ಇದರ ಹಂಗಿಲ್ಲದೆ ಪಂಪು ನಿಲ್ಲಿಸುವ ತೇಲುವ ಸ್ವಿಚ್ಚು. ಅಷ್ಟು ಒಳ್ಳೆಯ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ಸವೆದ ತಂತಿಯನ್ನು ಕಸದ ಬುಟ್ಟಿಗೆ ಹಾಕಿದೆ.

ಮೂರು ತಿಂಗಳು ಸುಮ್ಮನಿದ್ದೆ. ಗೇಟಿನಲ್ಲಿ ಹೊಸ ವಾಚ್‌ಮನ್ ಸಲಾಮು ಮಾಡಿದಾಗ ಬೇರೆ ಕಡೆ ನೋಡುತ್ತಿದ್ದೆ. ಬಾಲ್ಕನಿಯ ಮೇಜಿನ ಮೇಲೆ ಧೂಳು ಕೂತಿತು.

ಜನವರಿ ಇಪ್ಪತ್ತಾರರಂದು ಕಾಂಪೌಂಡಿನಲ್ಲಿ ಧ್ವಜ ಹಾರಿಸಿದ ಮೇಲೆ ಸೆಕ್ರೆಟರಿ ನನ್ನನ್ನು ಮುಂದೆ ಕರೆದರು. ಹೂಗುಚ್ಛ ಕೊಟ್ಟು, "ಇವರ ಮಷೀನಿನಿಂದಾಗಿ ಇನ್ನು ಯಾವ ವಾಚ್‌ಮನ್ ಮಲಗಿದರೂ ನಮಗೆ ಚಿಂತೆಯಿಲ್ಲ," ಎಂದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಆರನೇ ಮಾಳಿಗೆಯ ಅಜ್ಜಿಯೂ ಕುರ್ಚಿಯಲ್ಲಿ ಕೂತು ತಟ್ಟುತ್ತಿದ್ದರು. ನಾನು ಹೂಗುಚ್ಛ ತೆಗೆದುಕೊಂಡು ಥ್ಯಾಂಕ್ಯೂ ಎಂದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು. "ನನಗೆ ಯಾಕೆ ಹೇಳ್ತೀರಿ? ಅವರು ಎಲ್ಲಿದ್ದಾರೆ ಅಂತ ವಿಚಾರಿಸಿದಿರಾ?"

ವಿಚಾರಿಸಿದೆ. ಚಾಚಾ ಧಾರಾವಿಯಲ್ಲಿ ಚರ್ಮದ ಚೀಲ ಮಾಡುವ ಒಂದು ಕಾರ್ಖಾನೆಯಲ್ಲಿದ್ದರು. ಏಣಿ ಹತ್ತಿ ಹೋಗುವ ಅಟ್ಟ, ಅಂಟಿನ ವಾಸನೆ. ಅವರು ಚೀಲಗಳೊಳಗೆ ಕಾಗದ ತುಂಬಿ ರಟ್ಟಿನ ಪೆಟ್ಟಿಗೆಗೆ ಹಾಕುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಅವರು ಎದ್ದು ನಿಂತದ್ದನ್ನೇ ನನಗೆ ತಾಳಿಕೊಳ್ಳಲಾಗಲಿಲ್ಲ.

"ಚಾಚಾ, ತಪ್ಪು ನನ್ನದು. ತಳದ ತಂತಿ ಸವೆದುಹೋಗಿತ್ತು. ನೀವು ಹೇಳಿದ್ದಿರಿ, ನಾನೇ ಕೇಳಲಿಲ್ಲ," ಎಂದೆ.

ಅವರು ಕೈಲಿದ್ದ ಕಾಗದವನ್ನು ಮಡಿಸಿ ಚೀಲದೊಳಗೆ ತುಂಬಿದರು.

"ಯಾವಾಗ ಗೊತ್ತಾತ್ರಿ?"

"ಅದೇ ವಾರ."

"ಹಂಗಾರ ಮೂರು ತಿಂಗಳಾತು," ಎಂದರು. ಬೈಯಲಿಲ್ಲ. "ನನಗ ಹೇಳಿ ಏನ್ ಮಾಡ್ತೀರಿ ಸಾಹೇಬ್ರ? ನಾ ಕೈ ಹಚ್ಚಿಲ್ಲಂತ ನನಗ ಗೊತ್ತೈತಿ. ನನ್ನ ಹೆಂಡ್ತಿ ಅಣ್ಣಗ ಹೇಳ್ರಿ."

ಆ ಭಾವ ಅದೇ ಏಜೆನ್ಸಿಯಲ್ಲಿ ಸೂಪರ್‌ವೈಸರು. ಚಾಚಾನಿಗೆ ಕೆಲಸ ಕೊಡಿಸಿದ್ದು ಅವರೇ, ತೆಗೆಯಬೇಕಾಗಿ ಬಂದದ್ದೂ ಅವರಿಗೇ. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಚಾಚಾ ನನ್ನನ್ನು ಎರಡು ಗಲ್ಲಿ ಆಚೆಗಿದ್ದ ಭಾವನ ಮನೆಗೆ ಕರೆದುಕೊಂಡು ಹೋಗಿ, ತಾವು ಹೊಸ್ತಿಲಿನ ಹೊರಗೇ ನಿಂತರು. ನಾನು ಮತ್ತೆ ಮೊದಲಿನಿಂದ ಎಲ್ಲ ಹೇಳಿದೆ. ಭಾವ ಬಾಗಿಲ ಕಡೆ ತಿರುಗಿ ದಖನಿ ಉರ್ದುವಿನಲ್ಲಿ ಚಾಚಾನಿಗೆ ಹೇಳಿದರು. "ತೂ ಬೋಲ್ಯಾ ಥಾ. ಮೈಚ್ ಸುನ್ಯಾ ನೈ." ನೀನು ಹೇಳಿದ್ದೆ, ನಾನೇ ಕೇಳಲಿಲ್ಲ ಎಂದು. ಚಾಚಾ ಒಳಗೆ ಬಂದು ಕೂತರು. ಚಹಾ ಬಂತು.

"ನಮ್ಮ ಬಿಲ್ಡಿಂಗಿಗೇ ವಾಪಸ್ ಬನ್ನಿ, ನಾನು ಮಾತಾಡುತ್ತೇನೆ," ಎಂದೆ.

"ಬ್ಯಾಡ್ರಿ. ಅಲ್ಲಿ ಕುಂತ್ರ ಮಂದಿ ನನ್ನ ಮಾರಿ ನೋಡಿದಾಗೊಮ್ಮೆ ನೀರಿನ ಮಾತೇ ತೆಗೀತಾರ. ನೀವು ಅಲ್ಲಿ ಹೋಗಿ ಖರೆ ಹೇಳ್ರಿ, ಸಾಕು."

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಸೆಕ್ರೆಟರಿ ಮುಜುಗರದಿಂದ, "ಆದದ್ದು ಆಯಿತು, ಈಗ ಯಾಕೆ ಇದೆಲ್ಲ?" ಎಂದರು. ಹಳೆಯ ಬರಹ ಅಳಿಸಲು ಬರುವುದಿಲ್ಲ, ಹೊಸದಾಗಿ ಬರೆಯಬಹುದು ಎಂದು ರಿಜಿಸ್ಟರನ್ನು ನನ್ನ ಮುಂದೆಯೇ ತಳ್ಳಿದರು. ನೀರು ಚೆಲ್ಲಿದ್ದು ಸರ್ಕಿಟ್ಟಿನ ದೋಷದಿಂದ, ವಾಚ್‌ಮನ್ನನ ತಪ್ಪಿಲ್ಲ, ದೋಷದ ಬಗ್ಗೆ ಅವರು ಮುಂಚೆಯೇ ಎಚ್ಚರಿಸಿದ್ದರು, ನಾನು ಲಕ್ಷ್ಯ ಕೊಡಲಿಲ್ಲ ಎಂದು ಬರೆದು ಸಹಿ ಹಾಕಿದೆ. ಯಾರೂ ಓದಲು ಕೇಳಲಿಲ್ಲ. ಆರನೇ ಮಾಳಿಗೆಯ ಅಜ್ಜಿ ಮಾತ್ರ, ನಾನು ಲಿಫ್ಟಿಗೆ ಕಾಯುತ್ತಿದ್ದಾಗ, "ಅವತ್ತು ನನ್ನ ಕುರ್ಚಿ ಹಿಡಿದವನಲ್ಲವೇ ಅವನು?" ಎಂದು ಮರಾಠಿಯಲ್ಲಿ ಕೇಳಿದರು. ಹೌದೆಂದೆ. ಅವರು ಮುಖ ತಿರುಗಿಸಿಕೊಂಡರು.

ಆಮೇಲೆ ಎರಡು ಸಲ ಧಾರಾವಿಗೆ ಹೋಗಿದ್ದೇನೆ. ಚಾಚಾ ಕೂರಿಸಿ ಮಾತಾಡಿಸುತ್ತಾರೆ, ನನ್ನ ಹೆಂಡತಿಯ ಆರೋಗ್ಯ ಕೇಳುತ್ತಾರೆ. ನನ್ನ ಕನ್ನಡವನ್ನು ಈಗ ಆಡಿಕೊಳ್ಳುವುದಿಲ್ಲ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ. ಹೇಳಿ ಎಂದು ಕೇಳುವ ಧೈರ್ಯ ನನಗೂ ಬಂದಿಲ್ಲ.