ತಪ್ಪು ಹೇಳುವ ಅಜ್ಜ

ರೇಡಿಯೋದಲ್ಲಿ ನನ್ನ ಕೆಲಸ ತಪ್ಪು ಹೇಳುವುದಾಗಿತ್ತು.

ಬ್ರಹ್ಮಾವರದ ಹತ್ತಿರ ಒಂದು ಸಣ್ಣ ಸಮುದಾಯ ರೇಡಿಯೋ ಇದೆ. ಅದರಲ್ಲಿ ಭಾನುವಾರ ಬೆಳಿಗ್ಗೆ ವಿಜ್ಞಾನದ ಕಾರ್ಯಕ್ರಮ ಬರುತ್ತಿತ್ತು. ನಡೆಸುತ್ತಿದ್ದವರು ನಾವು ಮೂರೇ ಜನ. ಶಂಕರನಾರಾಯಣ ಎಂಬ ಊರಿನ ಕಡೆಯ ಒಬ್ಬ ನಿವೃತ್ತ ವಿಜ್ಞಾನದ ಟೀಚರ್ ಬರೆಯುತ್ತಿದ್ದರು, ಮಾತಾಡುತ್ತಿದ್ದರು. ತಲ್ಲೂರಿನ ಒಬ್ಬಳು ಹೆಂಗಸು, ಎರಡು ಮಕ್ಕಳ ತಾಯಿ, ಧ್ವನಿಮುದ್ರಣ ಮಾಡಿ ಕತ್ತರಿಸಿ ಜೋಡಿಸುತ್ತಿದ್ದಳು. ಮೂರನೆಯವನು ನಾನು. ಕೋಟೇಶ್ವರದಲ್ಲಿ ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು, ಓದಿದ್ದು ಹೈಸ್ಕೂಲು. ಮೈಕ್ ಪರೀಕ್ಷಿಸುವಾಗ ಏನಾದರೊಂದು ತಮಾಷೆ ಮಾತಾಡುವ ಅಭ್ಯಾಸವಿತ್ತು. ಅದನ್ನು ಯಾವುದೋ ಮದುವೆಯಲ್ಲಿ ಕೇಳಿದ ಟೀಚರ್ ನನ್ನನ್ನು ಕರೆದರು.

ಅವರ ಯೋಚನೆ ಸರಳ. ಊರಿನವರು ನಂಬಿರುವ ತಪ್ಪನ್ನು ಊರಿನ ಭಾಷೆಯಲ್ಲೇ ‘ಅಜ್ಜ’ ಎಂಬ ಪಾತ್ರವಾಗಿ ನಾನು ಹೇಳಬೇಕು, ಗಟ್ಟಿಯಾಗಿ, ಸಂಶಯವೇ ಇಲ್ಲದವರ ಹಾಗೆ. ಆಮೇಲೆ ಟೀಚರ್ ಅದನ್ನು ಬಿಡಿಸಿ ಸರಿಯಾದದ್ದನ್ನು ತಿಳಿಸಬೇಕು. ಗ್ರಹಣದ ಹೊತ್ತಿನ ಊಟ, ಸಿಡಿಲಿಗೆ ಮರದಡಿ ನಿಲ್ಲುವುದು, ಜ್ವರಕ್ಕೆ ಕಂಬಳಿ ಹೊದೆಸುವುದು ಎಲ್ಲ ಹೀಗೇ ಆಯಿತು. ಅವರದ್ದು ಒಂದೇ ಕಟ್ಟುನಿಟ್ಟು: ಅಜ್ಜನ ಬಾಯಿಯ ತಪ್ಪಿನ ಮೇಲೆ ಕಾರ್ಯಕ್ರಮ ನಿಲ್ಲಬಾರದು. ನಡುವೆ ಹಾಡು ಹಾಕುವುದಿದ್ದರೂ ಮೊದಲು ಉತ್ತರ ಬರಬೇಕು.

ಜನ ನಮ್ಮನ್ನು ಮೆಚ್ಚಿದರು. ನಿಜ ಹೇಳಬೇಕೆಂದರೆ ನನ್ನನ್ನು ಹೆಚ್ಚು ಮೆಚ್ಚಿದರು. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಸಾಕು, ಹಿಂದಿನ ಸೀಟಿನಿಂದ ಯಾರಾದರೂ ಕೂಗುತ್ತಿದ್ದರು.

"ಹ್ವಾಯ್, ರೇಡಿಯೋ ಅಜ್ಜ ಅಲ್ದಾ? ಈ ವಾರ ಎಂತ ಸುಳ್ ಹೇಳ್ತ್ರಿ?"

"ಸುಳ್ ಅಲ್ಲ ಮಾರಾಯ್ರೆ, ನಂಗ್ ಗೊತ್ತಿಪ್ದ್ ಅಷ್ಟೇ," ಅನ್ನುತ್ತಿದ್ದೆ. ಇಡೀ ಬಸ್ಸು ನಗುತ್ತಿತ್ತು.

ಕೋಟೇಶ್ವರದ ಚಹಾದಂಗಡಿಯಲ್ಲಿ ಒಬ್ಬರು ಒಮ್ಮೆ ಹೇಳಿದರು: "ಆ ಟೀಚರ್ ಮಧ್ಯ ಮಧ್ಯ ಎಂತಕ್ಕೆ ಬಪ್ದ್? ನೀವ್ ಒಬ್ರೇ ಮಾತಾಡ್ರೆ ಸಾಕ್." ನಾನು ಬೇಡವೆನ್ನಲಿಲ್ಲ. ಆ ಮಾತನ್ನು ಮನೆಯವರೆಗೂ ಬಾಯಲ್ಲಿ ಬೆಲ್ಲದ ತುಂಡಿನ ಹಾಗೆ ಇಟ್ಟುಕೊಂಡು ಬಂದೆ.

ಹಾವಿನ ಕಡಿತದ ಕಂತು ಬಂದದ್ದು ಮಳೆಗಾಲ ಶುರುವಾಗುವ ಮೊದಲು. ಟೀಚರ್ ಬರೆದುಕೊಟ್ಟದ್ದು ಒಂದೇ ಸಾಲು. ನಾನು ಅದನ್ನು ಬೆಳೆಸಿದೆ.

"ಹಾವ್ ಕಚ್ರೆ ಎಂತ ಹೆದ್ರುದ್? ಒಂದ್ ಹಗ್ಗ ತಕಂಡ್ ಮೀನ್ ಚೀಲದ್ ಬಾಯಿ ಕಟ್ದಾಂಗೆ ಬಿಗಿ ಕಟ್ಕ್. ವಿಷ ಅಲ್ಲೇ ಕೂಕಣತ್ತ್, ಕಡೀ ಬಸ್ ತಪ್ಪಿದವ್ರ್ ಹಾಂಗೆ!"

ಗಾಜಿನ ಆಚೆ ಧ್ವನಿಮುದ್ರಣದ ಹೆಂಗಸು ಬಾಯಿಗೆ ಸೆರಗು ಒತ್ತಿ ನಕ್ಕಳು. ಟೀಚರಿಗೂ ನಗು ಬಂತು. ಆಮೇಲೆ ಅವರು ಸಮಾಧಾನವಾಗಿ ವಿವರಿಸಿದರು, ಬಿಗಿ ಕಟ್ಟಿದರೆ ರಕ್ತ ಓಡುವುದು ನಿಂತು ಕಾಲೇ ಹಾಳಾಗುತ್ತದೆ ಎಂದು. ಭಾನುವಾರ ಅದೆಲ್ಲ ಸರಿಯಾಗಿಯೇ ಪ್ರಸಾರವಾಯಿತು.

ಮರುದಿನ ನಾನು ಆ ಹೆಂಗಸಿಗೆ ಫೋನ್ ಮಾಡಿದೆ. ನನ್ನ ಮಾತಿನ ತುಂಡನ್ನು ಮಾತ್ರ ಕತ್ತರಿಸಿ ಕಳಿಸು, ವಾಟ್ಸಾಪಿನಲ್ಲಿ ಹಾಕುತ್ತೇನೆ ಎಂದೆ.

"ಟೀಚರ್ ಉತ್ರ ಬ್ಯಾಡ್ದಾ?" ಎಂದು ಕೇಳಿದಳು.

"ಉದ್ದ ಆತ್ತ್. ಯಾರ್ ಕೇಣ್ತ್ರ್? ಇದ್ ಬರೀ ನಗುಕೆ."

"ಅವ್ರ್ ಬೈತ್ರ್ ಅಜ್ಜ."

"ನಾ ಇದ್ದೆ ಅಲ್ದಾ ಹೆಣ್ಣೇ. ಕಳ್ಸ್."

ಅವಳು ಕಳಿಸಿದಳು. ನಾನು ನನಗೆ ಗೊತ್ತಿದ್ದ ಎಲ್ಲ ಗುಂಪುಗಳಿಗೂ ಹಾಕಿದೆ. ನಮ್ಮ ರೇಡಿಯೋ ಕುಂದಾಪುರ ದಾಟುವಷ್ಟರಲ್ಲಿ ಗೊರಗೊರ ಎನ್ನುತ್ತದೆ, ಬೈಂದೂರಿನವರಿಗೆ ಕೇಳುವುದೇ ಇಲ್ಲ. ನನ್ನ ತುಂಡು ಮಾತ್ರ ಕೈಯಿಂದ ಕೈಗೆ ಬೈಂದೂರಿಗೂ ಹೋಯಿತು. ಟೀಚರ ಉತ್ತರ ಹೋಗಲಿಲ್ಲ.

ನಾಟಿಯ ಸಮಯದಲ್ಲಿ ಬೈಂದೂರು ಕಡೆ ಒಬ್ಬ ರೈತನಿಗೆ ಗದ್ದೆಯ ಅಂಚಿನಲ್ಲಿ ಹಾವು ಕಚ್ಚಿತು. ಹೆಂಡತಿ ನೈಲಾನ್ ಹಗ್ಗ ತಂದು ಮೀನ್ ಚೀಲದ ಬಾಯಿ ಕಟ್ಟಿದ ಹಾಗೆಯೇ ಕಟ್ಟಿದಳು. ರಿಕ್ಷಾ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಬಹಳ ಹೊತ್ತಾಗಿತ್ತು. ಔಷಧಿಯಿಂದ ಜೀವ ಉಳಿಯಿತು. ಪಾದದ ಮುಂಭಾಗ ಉಳಿಯಲಿಲ್ಲ. ಹೀಗೆ ಕಟ್ಟಲು ಯಾರು ಹೇಳಿಕೊಟ್ಟದ್ದು ಎಂದು ಡಾಕ್ಟರು ಗದರಿದಾಗ, ರೈತನ ಅಳಿಯ ಮೊಬೈಲಿನಲ್ಲಿದ್ದ ನನ್ನ ತುಂಡನ್ನು ಕೇಳಿಸಿದನಂತೆ. ಅದನ್ನೇ ಒಂದು ಸಿಟ್ಟಿನ ಸಂದೇಶದೊಂದಿಗೆ ಟೀಚರಿಗೂ ಕಳಿಸಿದ.

ಟೀಚರ್ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಅದನ್ನು ಹಾಕಿದರು. ಆ ಪುಟ್ಟ ಕೋಣೆಯಲ್ಲಿ ನನ್ನ ಧ್ವನಿ ತುಂಬ ಲವಲವಿಕೆಯಿಂದ ಕೇಳಿಸಿತು.

"ಇದನ್ನು ಹೀಗೆ ಕತ್ತರಿಸಿದವರು ಯಾರು?" ಎಂದರು.

ಹೆಂಗಸು ನನ್ನ ಮುಖ ನೋಡಿದಳು. ಅವಳು ಬಾಯಿಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಯಿಬಿಟ್ಟರೆ ಹೋಗುವುದು ಅವಳ ಕೆಲಸ. ಆ ಧೈರ್ಯದ ಮೇಲೆಯೇ ನಾನು ಹೇಳಿದೆ:

"ಯಾರೋ ಕೇಳುಗ್ರೇ ಆಯ್ಕ್ ಟೀಚರೇ. ಈಗ ಎಲ್ಲರ್ ಮೊಬೈಲಗೂ ಕತ್ರಿ ಇತ್ತ್."

ಅವರು ನಂಬಿದರು. "ಕತ್ತರಿಸಿದವರನ್ನು ಬೈದು ಏನು ಬಂತು? ತಪ್ಪನ್ನು ಇಷ್ಟು ಚಂದ ಮಾಡಿ ಹೇಳಿಸಿದ್ದು ನಾನು," ಎಂದರು. ಮುಂದಿನ ಭಾನುವಾರ ಕೇಳುಗರ ಕ್ಷಮೆ ಕೇಳಿ, ಇನ್ನು ಈ ಕಾರ್ಯಕ್ರಮ ಇರುವುದಿಲ್ಲ ಎಂದು ತಿಳಿಸಿದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಮೈಕ್ ನನ್ನ ಬಾಯಿಯ ಎದುರಿಗೇ ಇತ್ತು.

ಕೊಯ್ಲು ಮುಗಿದ ಮೇಲೆ ನಾನು ಬೈಂದೂರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಅಂದುಕೊಂಡಿದ್ದೆ. ಅಂಗಳದಲ್ಲಿ ನಿಂತು "ಯಾರ್ ಇದ್ರಿ ಒಳ್ಗ್?" ಎಂದು ಕೂಗಿದೆ. ಮುಖ ಕಾಣುವ ಮೊದಲೇ ಒಳಗಿನಿಂದ ಹೆಂಡತಿಯ ಸ್ವರ ಕೇಳಿತು.

"ಅಯ್ಯೋ, ರೇಡಿಯೋ ಅಜ್ಜನ್ ಸ್ವರ! ಹ್ವಾಯ್, ಕೇಣ್ತಾ? ನಿಮ್ ಜೀವ ಉಳ್ಸಿದ್ ಅಜ್ಜ ಬಂದ್ರ್ ಕಾಣಿ!"

ಗಂಡ ಊರುಗೋಲು ಹಿಡಿದು ಚಾವಡಿಗೆ ಬಂದ. ನಾಚಿಕೆಯ ನಗು ನಕ್ಕ. ನನಗೆ ಕುರ್ಚಿ ಬಂತು, ಚಹಾ ಬಂತು.

"ನೀವ್ ಹೇಳ್ದಾಂಗೇ ಕಟ್ಟಿದೆ ಅಜ್ಜ," ಅವಳು ನನ್ನ ಎದುರು ಕುಳಿತಳು. "ಇಲ್ದಿದ್ರೆ ಇವ್ರ್ ದಾರಿಯಂಗೇ ಹೋಗ್ತಿದ್ರ್. ಕೇರಿ ಹೆಂಗ್ಸ್ರಿಗೆಲ್ಲ ಕಟ್ಟುದ್ ಹ್ಯಾಂಗೆ ಅಂದ್ ತೋರ್ಸಿ ಕೊಟ್ಟಿದೆ."

"ಟೀಚರ್ ಬಂದಿದ್ರಾ ಇಲ್ಲಿಗೆ?"

"ಬಂದಿದ್ರ್. ಕಟ್ಟೂಕಾಗ, ತಪ್ಪ್ ಅಂದೇಳಿ ಅತ್ಕಂಡ್ ಹೋದ್ರ್, ಪಾಪ. ಡಾಕ್ಟ್ರಿಗೂ ಅವ್ರಿಗೂ ಪುಸ್ತಕದ್ ಗೊತ್ತ್, ನಮ್ ಹಾವಿನ್ ಗೊತ್ತಿತ್ತಾ?"

ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಉಪಕಾರ ಸ್ಮರಣೆಗೆ ತಯಾರಾಗಿರಲಿಲ್ಲ. ಸುಮ್ಮನೆ ಚಹಾ ಕುಡಿದು ಎದ್ದುಬಿಡಬಹುದಿತ್ತು. ಒಂದು ಕ್ಷಣ ಮನಸ್ಸು ಅದನ್ನೂ ಯೋಚಿಸಿತು, ಮುಚ್ಚಿಡುವುದಿಲ್ಲ. ಆದರೆ ಆ ಕೇರಿಯ ಎಲ್ಲ ಮನೆಗಳಲ್ಲೂ ಈಗ ಹಗ್ಗ ತಯಾರಿದೆ ಎಂಬುದು ತಲೆಯಲ್ಲಿ ನಿಂತಿತು.

"ಅಮ್ಮ, ಟೀಚರ್ ಹೇಳ್ದದ್ದೇ ಸರಿ. ನಾ ಹೇಳ್ದದ್ ತಪ್ಪ್," ಎಂದೆ.

ಅವಳು ಗಂಡನ ತೊಡೆ ತಟ್ಟಿ ನಕ್ಕಳು. "ಕಾಣಿ ಕಾಣಿ, ಶುರು ಮಾಡಿದ್ರ್! ಮೊಬೈಲಗೆ ಹೇಳ್ದಾಂಗೇ!"

ಆ ಸ್ವರದಲ್ಲಿ ನಾನು ಏನು ಹೇಳಿದರೂ ಅವಳಿಗೆ ಆಟವೇ. ಚಹಾದ ಲೋಟ ಕೆಳಗಿಟ್ಟೆ. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, ಟೀಚರ್ ಹೇಳುತ್ತಿದ್ದ ಶಾಲೆಯ ಕನ್ನಡದಲ್ಲಿ ಒಂದೊಂದೇ ಮಾತು ಹೇಳಿದೆ. ಜೀವ ಉಳಿದದ್ದು ಆಸ್ಪತ್ರೆಯ ಔಷಧಿಯಿಂದ. ಪಾದ ಹೋದದ್ದರಲ್ಲಿ ಹಗ್ಗದ ಪಾಲಿದೆ. ಟೀಚರ್ ರೇಡಿಯೋದಲ್ಲಿ ಅಂದೇ ಕಟ್ಟಬೇಡಿ ಎಂದಿದ್ದರು. ಆ ಮಾತನ್ನು ಕತ್ತರಿಸಿ ತೆಗೆಸಿದವನು ನಾನು. ಜನ ನನ್ನನ್ನು ಮಾತ್ರ ಕೇಳಲಿ ಎಂದು ತೆಗೆಸಿದೆ.

ಗಂಡನ ನಗು ಮೊದಲು ನಿಂತಿತು. ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಹಾಂಗಾರೆ ನಾನೇ ಇವ್ರ್ ಕಾಲ್..." ಎಂದಳು.

"ನೀ ಅಲ್ಲ ಅಮ್ಮ. ನಾನು."

ಆ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಎದ್ದು ಒಳಗೆ ಹೋದಳು. ಅವಳಿಗಿದ್ದ ಒಂದು ಸಮಾಧಾನವನ್ನೂ ನಾನೇ ಹೋಗಿ ಕಿತ್ತುಕೊಂಡಿದ್ದೆ. ಗಂಡ ಅಂಗಳದ ತುದಿಯವರೆಗೆ ಕೋಲೂರಿಕೊಂಡು ಬಂದ. "ಇನ್ ಹೊರಡಿ ಅಜ್ಜ," ಎಂದಷ್ಟೇ ಹೇಳಿದ.

ಮರುದಿನ ಶಂಕರನಾರಾಯಣಕ್ಕೆ ಹೋಗಿ ಟೀಚರಿಗೆ ಎಲ್ಲ ಹೇಳಿದೆ. ಕತ್ತರಿಸಿದ ಹೆಂಗಸಿನದು ತಪ್ಪಲ್ಲ, ಹಟ ಹಿಡಿದವನು ನಾನು ಎಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಇಷ್ಟೇ ಕೇಳಿದರು:

"ಕಟ್ಟಬಾರದು ಅಂತ ಆ ಮನೆಯವರಿಗೆ ಈಗ ಗೊತ್ತಾಯ್ತಾ?"

"ಗೊತ್ತಾಯ್ತು."

"ಉಳಿದವರಿಗೆ?"

ಅಲ್ಲಿಂದ ಬಂದು ಸರಿಯಾದ ಮಾತನ್ನು ನನ್ನ ಧ್ವನಿಯಲ್ಲೇ ಹೇಳಿ ಅದೇ ಗುಂಪುಗಳಿಗೆ ಹಾಕಿದ್ದೇನೆ. ನಗು ಇಲ್ಲದ ಅಜ್ಜನನ್ನು ಯಾರೂ ಮುಂದೆ ಕಳಿಸುವುದಿಲ್ಲ. ಹಳೆಯ ತುಂಡು ಮಾತ್ರ ಇವತ್ತಿಗೂ ಓಡಾಡುತ್ತಿದೆ. ಮೊನ್ನೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ನನ್ನ ಬೆನ್ನ ಹಿಂದೆಯೇ ಕೇಳಿಸಿತು. ತಿರುಗಿ, ಅದು ತಪ್ಪು ಎಂದು ಆ ಮೊಬೈಲಿನವರಿಗೆ ಹೇಳಿದೆ. ಸ್ವರ ಗುರುತಿಸಿ ಅವರೂ ನಕ್ಕರು.

ಹೀಗಾಗಿ ಬರೆಯುತ್ತಿದ್ದೇನೆ. ಕಾಗದದ ಮೇಲೆ ನನ್ನ ಸ್ವರವಿಲ್ಲ, ಬಹುಶಃ ಇಲ್ಲಾದರೂ ನಂಬುತ್ತೀರಿ. ಟೀಚರ್ ಅಂದು ಹೇಳಿದ್ದು ಇಷ್ಟು: ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಟ್ಟು ಹೀರಬೇಡಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.