ಬೆಂಡಿನ ಗಾಡಿಯ ವ್ಯಾಕರಣ

ವ್ಯಾಕರಣ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಜತ್ತ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ನಂಬಿದ್ದೆ. ಆ ನಂಬಿಕೆ ಈಗಲೂ ಪೂರ್ತಿ ಹೋಗಿಲ್ಲ. ಐವತ್ತರ ದಶಕದ ಮೊದಲ ವರ್ಷಗಳು. ತಿಕೋಂಡಿಯ ಕನ್ನಡ ಶಾಲೆಗೆ ನಾನೊಬ್ಬನೇ ಮಾಸ್ತರ. ಪುಸ್ತಕ ತೆರೆದು ಕರ್ತೃ, ಕರ್ಮ, ಕ್ರಿಯಾಪದ ಎಂದರೆ ಸಾಕು, ಮಕ್ಕಳು ಆಕಳಿಸುತ್ತಿದ್ದರು. ಅದಕ್ಕೇ ಜೋಳದ ದಂಟು ಸುಲಿದು, ಒಳಗಿನ ಬೆಂಡಿನಿಂದ ಪುಟ್ಟ ಎತ್ತಿನ ಗಾಡಿಗಳನ್ನು ಮಾಡಿದೆ. ಎತ್ತಿನ ಮೇಲೆ ಕರ್ತೃವಿನ ಚೀಟಿ, ಹೇರಿನ ಮೇಲೆ ಕರ್ಮದ್ದು, ಗಾಲಿಯ ಮೇಲೆ ಕ್ರಿಯಾಪದದ್ದು. ಗಾಲಿ ಕಳಚಿದರೆ ವಾಕ್ಯ ನಿಂತಲ್ಲೇ ನಿಂತಿತು. ಒಂದೇ ವಾರದಲ್ಲಿ ಮಕ್ಕಳು ಮನೆಯ ಮಾತನ್ನೆಲ್ಲ ತಂದು ಗಾಡಿಗೆ ಹೇರತೊಡಗಿದರು.

ಬೆಂಡು ಜೋಡಿಸಲು ಊರ ಮಕ್ಕಳು ದಂಟಿನ ಸಿಬಿರನ್ನೇ ಚುಚ್ಚುತ್ತಾರೆ. ನನಗೆ ಅದು ಸಾಲಲಿಲ್ಲ. ಗಟ್ಟಿ ಇರಲೆಂದು ಜಾಲಿಮುಳ್ಳು ಹಾಕಿದೆ. ಮೂರನೆಯ ಇಯತ್ತೆಯ ಒಬ್ಬ ಹುಡುಗಿ, ಕುರಿ ಕಾಯುವವನ ಮಗಳು, ಮುಳ್ಳು ಬೇಡ, ಸಿಬಿರೇ ಸಾಕು ಎಂದು ಮೆಲ್ಲಗೆ ಹೇಳಿದ್ದಳು. ಮಾಸ್ತರನಿಗೇ ಕಲಿಸಲು ಬಂದೆಯಾ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ನಮ್ಮ ಶಾಲೆ ನಡೆಯುತ್ತಿದ್ದುದು ಚಾವಡಿಯಲ್ಲಿ. ಒಂದು ಸಂಜೆ ಅಲ್ಲಿ ಊರ ಹಿರಿಯರ ಬೈಠಕ್ ಇತ್ತು. ಗಾಡಿಗಳ ಬುಟ್ಟಿಯನ್ನು ಆ ಹುಡುಗಿಯ ಕೈಗೆ ಕೊಟ್ಟು, ನಿಮ್ಮ ಮನೆಯಲ್ಲಿಡು ಎಂದೆ. ಈ ಕಡೆಯ ಮನೆಗಳಲ್ಲಿ ಹೊಸ್ತಿಲು ದಾಟಿದರೆ ಮೊದಲು ದನ, ಆಮೇಲೆ ಮನುಷ್ಯರು. ಅದು ಗೊತ್ತಿದ್ದೂ ಕೊಟ್ಟೆ. ಮರುದಿನ ಅವಳು ಬರಿ ಬುಟ್ಟಿ ಹಿಡಿದು ಬಂದಳು. ಅಷ್ಟೂ ಗಾಡಿಗಳನ್ನು ಎಮ್ಮೆ ಮೇದಿತ್ತು. ನನ್ನ ಸಿಟ್ಟು ನೆತ್ತಿಗೇರಿತು. ನಿನಗಿಂತ ನಿಮ್ಮ ಎಮ್ಮೆಯೇ ಜಾಣೆ, ವ್ಯಾಕರಣವನ್ನೆಲ್ಲ ಅದೇ ಅರಗಿಸಿಕೊಂಡಿತು ಎಂದು ಎಲ್ಲರ ಮುಂದೆ ಬೈದೆ.

ಬೈದು ಮುಗಿಯುವುದರೊಳಗೆ ಅವಳ ಅಪ್ಪ ಬಂದ. ಎಮ್ಮೆಯ ನಾಲಿಗೆಗೆ ಮುಳ್ಳು ನಟ್ಟು ಬಾಯಿ ಬಾತಿದೆ, ನೀರನ್ನೂ ಮುಟ್ಟುತ್ತಿಲ್ಲ ಎಂದ.

“ಇವತ್ತಿಗೆ ಈಕಿ ಸಾಲಿ ಮುಗೀತ್ರಿ. ನಾಳಿಂದ ಕುರಿ ಹಿಂದ ಹೋಗ್ತಾಳ” ಎಂದು ಮಗಳ ಪಾಟಿಚೀಲ ಎತ್ತಿಕೊಂಡ.

ವಿದ್ಯೆಯ ಮಹಿಮೆಯ ಬಗ್ಗೆ ನನ್ನ ಬಳಿ ಭಾಷಣಗಳಿಗೆ ಬರವಿರಲಿಲ್ಲ. ಒಂದನ್ನು ಶುರು ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿದೆ. ನಾವಿಬ್ಬರು ಗಂಡಸರು ಎರಡು ಕಡೆಯಿಂದ ತಪ್ಪು ಹೊರಿಸುತ್ತಿದ್ದೆವು. ಅವಳು ಒಂದನ್ನೂ ಅಲ್ಲವೆನ್ನದೆ ನಿಂತಿದ್ದಳು. ನನಗೆ ತುಂಬಾ ನಾಚಿಕೆಯಾಯಿತು. ಮಾಸ್ತರನಾದವನು ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳುವ ರೂಢಿ ಆಗ ಯಾವ ಊರಿನಲ್ಲೂ ಇರಲಿಲ್ಲ. ಆದರೂ ಅಪ್ಪನನ್ನು ಬಿಟ್ಟು ಅವಳ ಕಡೆಗೇ ತಿರುಗಿದೆ.

“ತಪ್ಪು ನಂದವ್ವಾ. ಮುಳ್ಳ ಬ್ಯಾಡಂತ ನೀ ಹೇಳಿದ್ದಿ. ನಾನ ಕೇಳಲಿಲ್ಲ.”

ಅವಳ ಅಪ್ಪ ನನ್ನ ಕಡೆ ತಿರುಗಿದ.

“ಮುಂಜಾನೆ ನಾನೂ ಈಕಿನ್ನ ಬಡದೇನ್ರಿ” ಎಂದ.

ಅದನ್ನು ಹೇಳಿದ್ದು ನನಗೆ. ಮಗಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಪಾಟಿಚೀಲವನ್ನು ಅವಳ ಕೈಗೆ ಕೊಟ್ಟು, ಮಕ್ಕಳ ಸಾಲಿನಲ್ಲಿ ಖಾಲಿ ಇದ್ದ ಜಾಗ ತೋರಿಸಿ, “ಕುಂದ್ರು” ಎಂದ.